ಸತ್ತ ಮೇಲೆ ಬಿದ್ದ ಸಹಿ

ಇವತ್ತು ಒಂದು ಸಹಿಯ ಕಥೆ ಹೇಳ್ತೀನಿ.

ನನ್ನ ಇಂಜಿನಿಯರಿಂಗ್ ಹಾಸ್ಟೆಲ್ಲಿನ ರೂಮ್‌ಮೇಟ್ ಒಬ್ಬ ಈಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ಅವನಿಗೊಂದು ಹುಚ್ಚು. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿ ಪದಕ ಗೆದ್ದ ಪೈಲಟ್‌ಗಳ ಆಟೋಗ್ರಾಫ್ ಸಂಗ್ರಹಿಸೋದು. ಒಂದು ರಾತ್ರಿ ನಾನು ಒಂಬತ್ತು ಗಂಟೆಯ ಶೋ ಮುಗಿಸಿ ಮೇಕಪ್ ಒರೆಸಿಕೊಳ್ತಾ ಇದ್ದಾಗ ಅವನಿಂದ ಎರಡು ಫೋಟೋ ಬಂತು. ಮೊದಲನೆಯದರಲ್ಲಿ ಒಂದು ಹಳೇ ಪುಸ್ತಕ, 'ಎನಿಮಿ ಕೋಸ್ಟ್ ಅಹೆಡ್'. ಬರೆದವನು ಗೈ ಗಿಬ್ಸನ್, ವಿಕ್ಟೋರಿಯಾ ಕ್ರಾಸ್ ಪಡೆದ ಬಾಂಬರ್ ಪೈಲಟ್. ಮೊದಲ ಪುಟದಲ್ಲೇ ನೀಲಿ ಶಾಯಿಯ ಸಹಿ. ಎರಡನೇ ಫೋಟೋದಲ್ಲಿ ಫಳಫಳ ಹೊಳೆಯೋ ಹಾಲೋಗ್ರಾಮ್ ಅಂಟಿಸಿದ ಪ್ರಮಾಣಪತ್ರ. 'ಮಗಾ, ಸಿಕ್ಕೇಬಿಡ್ತು' ಅಂತ ಬರೆದಿದ್ದ.

ನಾನು ಆ ಪುಸ್ತಕದ ವಿವರ ನೋಡಿದೆ. ಮತ್ತೊಮ್ಮೆ ನೋಡಿದೆ. ಫೋನ್ ಮಾಡಿದೆ.

'ಲೋ, ಈ ಮನುಷ್ಯ ಸತ್ತಿದ್ದು ಯಾವಾಗ?'

'1944, ಸೆಪ್ಟೆಂಬರ್.'

'ಈ ಪುಸ್ತಕ ಅಚ್ಚಾಗಿ ಬಂದಿದ್ದು?'

ಆ ಕಡೆಯಿಂದ ಸದ್ದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದ, '1946.'

ಎರಡೂ ಇಸವಿ ಅವನಿಗೆ ಬಾಯಿಪಾಠ. ಆದರೆ ಸಹಿ ಕಣ್ಣಿಗೆ ಬಿದ್ದ ಕ್ಷಣ ಆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದು ಮರೆತುಹೋಗಿತ್ತು. ಬೇಕು ಅನ್ನೋ ಆಸೆ ಜಾಸ್ತಿಯಾದಾಗ ಲೆಕ್ಕ ತಪ್ಪುತ್ತೆ. ಅವನದ್ದು ಮಾತ್ರ ಅಲ್ಲ, ನಮ್ಮೆಲ್ಲರದ್ದೂ.

ಯಾರು ಈ ಗಿಬ್ಸನ್? ಹುಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಶಿಮ್ಲಾದಲ್ಲಿ, 1918ರ ಆಗಸ್ಟ್ 12ರಂದು. 24ನೇ ವಯಸ್ಸಿಗೆ ಬ್ರಿಟನ್ನಿನ ವಾಯುಪಡೆಯ 617ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥ. 1943ರ ಮೇ 16ರ ರಾತ್ರಿ ಲಿಂಕನ್‌ಶೈರಿನ ಸ್ಕ್ಯಾಂಪ್ಟನ್ ವಾಯುನೆಲೆಯಿಂದ 19 ಲ್ಯಾಂಕಾಸ್ಟರ್ ವಿಮಾನಗಳು, 133 ಜನ, ಜರ್ಮನಿಯ ಅಣೆಕಟ್ಟುಗಳನ್ನು ಒಡೆಯೋಕೆ ಹೊರಟರು. ಬಾರ್ನ್ಸ್ ವಾಲಿಸ್ ಅನ್ನೋ ಇಂಜಿನಿಯರ್ ಅದಕ್ಕೆಂದೇ ಒಂದು ಬಾಂಬ್ ಮಾಡಿಕೊಟ್ಟಿದ್ದ. ತೂಕ ನಾಲ್ಕು ಟನ್ನಿಗೂ ಹೆಚ್ಚು. ಬೀಳಿಸೋ ಮೊದಲೇ ಅದನ್ನು ನಿಮಿಷಕ್ಕೆ 500 ಸುತ್ತು ಹಿಮ್ಮುಖವಾಗಿ ತಿರುಗಿಸಬೇಕು. ವಿಮಾನ ನೀರಿನಿಂದ ಬರೀ 60 ಅಡಿ ಎತ್ತರದಲ್ಲಿರಬೇಕು. ಕತ್ತಲಲ್ಲಿ 60 ಅಡಿ ಅಂತ ಗೊತ್ತಾಗೋದು ಹೇಗೆ? ವಿಮಾನದ ಹೊಟ್ಟೆಗೆ ಎರಡು ದೀಪ ಕಟ್ಟಿದರು. ಎರಡರ ಬೆಳಕೂ ನೀರಿನ ಮೇಲೆ ಒಂದಕ್ಕೊಂದು ತಾಗಿದರೆ ಎತ್ತರ ಸರಿ ಇದೆ ಅಂತ ಲೆಕ್ಕ. ಆಮೇಲೆ ಬಾಂಬ್ ಬಿಟ್ಟರೆ, ನಾವು ಕೆರೆಯಲ್ಲಿ ಚಪ್ಪಟೆ ಕಲ್ಲು ಎಸೆದು ಕಪ್ಪೆ ಹಾರಿಸ್ತೀವಲ್ಲ, ಹಾಗೆ ನೀರ ಮೇಲೆ ಜಿಗಿಯುತ್ತಾ ಹೋಗಿ ಅಣೆಕಟ್ಟಿನ ಗೋಡೆಗೆ ಬಡಿದು, ಕೆಳಗಿಳಿದು ಸಿಡಿಯುತ್ತೆ. ಇದರ ಬಗ್ಗೆ ಓದಿದಾಗೆಲ್ಲ ನನ್ನೊಳಗಿನ ಇಂಜಿನಿಯರ್ ಎದ್ದು ಕೂರ್ತಾನೆ.

ಮೋನೆ ಮತ್ತು ಎಡರ್ ಅಣೆಕಟ್ಟುಗಳು ಒಡೆದವು. ಹೋದ 19 ವಿಮಾನಗಳಲ್ಲಿ 8 ವಾಪಸ್ ಬರಲಿಲ್ಲ. 53 ಜನ ಸತ್ತರು, ಮೂವರು ಸೆರೆ ಸಿಕ್ಕರು. ಗಿಬ್ಸನ್‌ಗೆ ವಿಕ್ಟೋರಿಯಾ ಕ್ರಾಸ್ ಬಂತು. ಅದೇ ಆಗಸ್ಟಿನಲ್ಲಿ ಅವನನ್ನು ಕೆನಡಾ, ಅಮೆರಿಕಕ್ಕೆ ಪ್ರಚಾರದ ಪ್ರವಾಸಕ್ಕೆ ಕಳಿಸಿದರು. ಮರುವರ್ಷ ಸೆಪ್ಟೆಂಬರ್ 19ರಂದು ಅವನ ಮಾಸ್ಕಿಟೊ ವಿಮಾನ ನೆದರ್ಲೆಂಡ್ಸಿನ ಸ್ಟೀನ್‌ಬರ್ಗನ್ ಹತ್ತಿರ ಬಿತ್ತು. ಆಗ ಅವನಿಗೆ 26 ವರ್ಷ.

ಅಂದ್ರೆ ಗಿಬ್ಸನ್ ಹೆಸರು ಮನೆಮಾತಾದ ಮೇಲೆ ಬದುಕಿದ್ದು 16 ತಿಂಗಳು ಮಾತ್ರ. ಅಷ್ಟರಲ್ಲಿ ಹಾಕಿದ್ದೆಷ್ಟೋ ಅಷ್ಟೇ ಸಹಿ. ಅವನ ಪುಸ್ತಕದ ಮೇಲೆ ಅವನ ಸಹಿ ಇರೋಕೆ ಸಾಧ್ಯವೇ ಇಲ್ಲ. 1955ರಲ್ಲಿ ಬಂದ 'ದಿ ಡ್ಯಾಮ್ ಬಸ್ಟರ್ಸ್' ಸಿನಿಮಾದ ಪೋಸ್ಟರ್ ಮೇಲೂ ಸಾಧ್ಯವಿಲ್ಲ. ಇದನ್ನು ಹೇಳೋಕೆ ಸೂಕ್ಷ್ಮದರ್ಶಕ ಬೇಡ, ಕ್ಯಾಲೆಂಡರ್ ಸಾಕು.

ಈ ಸಂಗ್ರಹದ ಲೋಕದ ಒಂದು ಕಠೋರ ನಿಯಮ ನಿಮಗೆ ಗೊತ್ತಿರಬೇಕು. ಬೇಗ ಸತ್ತವನ ಸಹಿ ದುಬಾರಿ, ಬದುಕಿ ಉಳಿದವನ ಸಹಿ ಅಗ್ಗ. ಗಿಬ್ಸನ್ ಆದ ಮೇಲೆ ಅದೇ ಸ್ಕ್ವಾಡ್ರನ್ ನಡೆಸಿದವರಲ್ಲಿ ಲೆನಾರ್ಡ್ ಚೆಷೈರ್ ಕೂಡ ಒಬ್ಬ. ಅವನಿಗೂ ವಿಕ್ಟೋರಿಯಾ ಕ್ರಾಸ್, 100 ದಾಳಿಗಳ ಅನುಭವ. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬ್ ಬಿದ್ದಾಗ ಬ್ರಿಟನ್ನಿನ ಅಧಿಕೃತ ವೀಕ್ಷಕನಾಗಿ ಆಕಾಶದಲ್ಲಿದ್ದವನು. ಯುದ್ಧ ಮುಗಿದ ಮೇಲೆ ಅಂಗವಿಕಲರಿಗೆ, ದಿಕ್ಕಿಲ್ಲದ ರೋಗಿಗಳಿಗೆ ಮನೆಗಳನ್ನು ಕಟ್ಟಿಸುತ್ತಾ ಹೋದ. ಬೆಂಗಳೂರಿನಲ್ಲಿ ಚೆಷೈರ್ ಹೋಮ್ ಅಂತ ಬೋರ್ಡ್ ನೋಡಿದ್ದೀರಲ್ಲ, ಅದು ಇದೇ ಮನುಷ್ಯನ ಹೆಸರು. 1992ರವರೆಗೆ ಬದುಕಿದ, ಕೈತುಂಬಾ ಸಹಿ ಹಾಕಿದ. ಹಾಗಾಗಿ ಅವನ ಸಹಿ ಗಿಬ್ಸನ್ ಸಹಿಯಷ್ಟು ದುಬಾರಿ ಅಲ್ಲ. ಮಾರುಕಟ್ಟೆ ಅಳೆಯೋದು ಮನುಷ್ಯ ಏನು ಮಾಡಿದ ಅನ್ನೋದನ್ನಲ್ಲ, ಎಷ್ಟು ಬೇಗ ಹೋದ ಅನ್ನೋದನ್ನ.

1943ರ ಜೂನ್ 22ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಈ ಹುಡುಗರಿಗೆ ಪದಕ ಕೊಟ್ಟರು. ಅವತ್ತು ರಾತ್ರಿ ಲಂಡನ್ನಿನ ಹಂಗೇರಿಯಾ ರೆಸ್ಟೋರೆಂಟಿನಲ್ಲಿ ಲ್ಯಾಂಕಾಸ್ಟರ್ ತಯಾರಿಸಿದ ಆವ್ರೊ ಕಂಪನಿಯವರಿಂದ ಊಟ. ಮೆನು ಕಾರ್ಡ್ ಅಚ್ಚು ಹಾಕಿದವರು ಇಂಗ್ಲಿಷಿನಲ್ಲಿ ಒಂದಕ್ಷರ ಹೆಚ್ಚಿಗೆ ಸೇರಿಸಿಬಿಟ್ಟಿದ್ದರು. 'ಅಣೆಕಟ್ಟು' ಅನ್ನೋ ಪದ ಶಾಪ ಹಾಕೋ ಪದವಾಗಿಹೋಗಿತ್ತು. ಹುಡುಗರು ನಕ್ಕಿರಬೇಕು. ಆ ಮೆನು ಕಾರ್ಡ್‌ಗಳ ಮೇಲೆ ಒಬ್ಬರಿಗೊಬ್ಬರು ಸಹಿ ಹಾಕಿಕೊಂಡರು.

ಅವತ್ತು ಪದಕ ಪಡೆದವರಲ್ಲಿ ಆಸ್ಟ್ರೇಲಿಯಾದ ಲೆಸ್ ನೈಟ್ ಒಬ್ಬ. ಎಡರ್ ಅಣೆಕಟ್ಟು ಒಡೆದಿದ್ದು ಅವನ ಬಾಂಬಿನಿಂದ. ಮೂರು ತಿಂಗಳೂ ಕಳೆದಿರಲಿಲ್ಲ. ಸೆಪ್ಟೆಂಬರ್ 15ರ ರಾತ್ರಿ ಡಾರ್ಟ್‌ಮಂಡ್-ಎಮ್ಸ್ ಕಾಲುವೆಯ ಮೇಲೆ ದಾಳಿಗೆ ಹೋದ 8 ವಿಮಾನಗಳಲ್ಲಿ 5 ಬರಲಿಲ್ಲ. ನೈಟ್‌ನ ವಿಮಾನ ಮಂಜಿನಲ್ಲಿ ಮರಗಳಿಗೆ ತಾಗಿ ಇಂಜಿನ್ ಕೆಟ್ಟಿತ್ತು. ಜೊತೆಗಿದ್ದ ಏಳೂ ಜನ ಪ್ಯಾರಾಚೂಟ್ ಕಟ್ಟಿಕೊಂಡು ಹಾರೋವರೆಗೆ ಅದನ್ನು ಹಿಡಿದಿಟ್ಟುಕೊಂಡ. ಏಳೂ ಜನ ಬದುಕಿದರು. ಇವನು ಹೋದ. 22 ವರ್ಷ. ಇಂಥವನ ಅಸಲಿ ಸಹಿ ಹರಾಜಿಗೆ ಬಂದರೆ ಬೆಲೆ ಯಾಕೆ ಏರುತ್ತೆ ಅಂತ ಈಗ ಹೇಳಬೇಕಾಗಿಲ್ಲ ಅಲ್ವಾ?

ಬೆಲೆ ಏರಿದ ಕಡೆ ನಕಲಿ ಬಂದೇ ಬರುತ್ತೆ. ಹಾಗಾದ್ರೆ ಅಸಲಿ ಅಂತ ಹೇಳೋದು ಹೇಗೆ?

ಮೊದಲನೆಯದು, ಆಗಲೇ ಹೇಳಿದ ಕ್ಯಾಲೆಂಡರ್. ಎರಡನೆಯದು ಪೆನ್ನು. ಬ್ರಿಟನ್ನಿನ ಅಂಗಡಿಗಳಲ್ಲಿ ಬಾಲ್‌ಪಾಯಿಂಟ್ ಪೆನ್ ಮಾರಾಟಕ್ಕೆ ಬಂದಿದ್ದೇ 1945ರ ಕೊನೆಯಲ್ಲಿ. 1943ರದ್ದು ಅಂತ ಹೇಳೋ ಸಹಿ ಬಾಲ್‌ಪೆನ್ನಿನಲ್ಲಿದ್ದರೆ ಅಲ್ಲೇ ನಿಲ್ಲಿ. ಮೂರನೆಯದು ಕಾಗದ. 1950ರ ಆಸುಪಾಸಿನಿಂದ ಕಾಗದ ಬೆಳ್ಳಗೆ ಕಾಣಲಿ ಅಂತ ಒಂದು ರಾಸಾಯನಿಕ ಬೆರೆಸೋಕೆ ಶುರು ಮಾಡಿದರು. ಅದು ಅಲ್ಟ್ರಾವಯಲೆಟ್ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತೆ. ಬ್ಯಾಂಕಿನವರು ನೋಟು ನೋಡ್ತಾರಲ್ಲ, ಅಂಥ ದೀಪ ಸಾಕು. ಯುದ್ಧಕಾಲದ ಫೋಟೋ ಅಂತ ಹೇಳಿದ್ದು ಹಾಗೆ ಹೊಳೆದರೆ, ಅದು ಯುದ್ಧ ಕಂಡ ಕಾಗದ ಅಲ್ಲ. ನಾಲ್ಕನೆಯದು ಕೈ. ತನ್ನ ಸಹಿಯನ್ನು ತಾನೇ ಹಾಕೋವಾಗ ಯಾರೂ ಯೋಚಿಸೋದಿಲ್ಲ, ಗೆರೆ ಸರ್ರನೆ ಓಡುತ್ತೆ. ಬೇರೆಯವರ ಸಹಿ ಬರೆಯೋವಾಗ ಕೈ ನಿಧಾನ, ಗೆರೆಯಲ್ಲಿ ನಡುಕ, ಮಧ್ಯೆ ಮಧ್ಯೆ ನಿಂತ ಗುರುತು. ಇಲ್ಲೂ ಒಂದು ಎಚ್ಚರ. 23ರ ಹುಡುಗನ ಸಹಿ ಅದೇ ಮನುಷ್ಯನಿಗೆ 80 ಆದಾಗ ಹಾಗೇ ಇರೋದಿಲ್ಲ. ಮುಪ್ಪಿನ ನಡುಕವೇ ಬೇರೆ, ಕಳ್ಳನ ನಡುಕವೇ ಬೇರೆ. ಆ ವಯಸ್ಸಿನ ಸಹಿಯನ್ನು ಆ ವಯಸ್ಸಿನ ಸಹಿಯ ಜೊತೆಗೇ ಹೋಲಿಸಬೇಕು.

ಐದನೆಯದೇ ಮುಖ್ಯ. ಇದು ಯಾರ ಕೈಯಿಂದ ಯಾರ ಕೈಗೆ ಬಂತು? ನಮ್ಮ ಕಡೆ ಜಮೀನು ಕೊಳ್ಳೋವಾಗ ಮೂಲಪತ್ರ ಕೇಳ್ತೀವಿ. ಅದೇ ಪ್ರಶ್ನೆ. ಹಾಲೋಗ್ರಾಮ್ ಯಾರು ಬೇಕಾದರೂ ಅಂಟಿಸಬಹುದು. ಪ್ರಮಾಣಪತ್ರದ ಬೆಲೆ ಅದನ್ನು ಕೊಟ್ಟವನ ಬೆಲೆಯಷ್ಟೇ.

ಹಾಗೆ ಹುಡುಕ್ತಾ ಹೋದರೆ ಒಂದು ನಂಬಿಕಸ್ಥ ಜಾಗ ಸಿಗುತ್ತೆ. ಲಾಗ್ ಬುಕ್. ಹಾರಾಟಕ್ಕೆ ಹೋದ ಪ್ರತಿಯೊಬ್ಬನೂ ಎಷ್ಟು ಗಂಟೆ ಹಾರಿದೆ, ಎಲ್ಲಿಗೆ ಹೋದೆ ಅಂತ ಬರೆದಿಡಬೇಕಿತ್ತು. ತಿಂಗಳ ಕೊನೆಗೆ ಲೆಕ್ಕ ಸರಿ ಇದೆ ಅಂತ ಮೇಲಧಿಕಾರಿ ಸಹಿ ಹಾಕಬೇಕಿತ್ತು. ಹಾಗಾಗಿ ಗಿಬ್ಸನ್‌ನ ಅಸಲಿ ಸಹಿ ಅವನ ಹುಡುಗರ ಲಾಗ್ ಬುಕ್ಕುಗಳಲ್ಲಿ ಸಿಗುತ್ತೆ. ಅಭಿಮಾನಿಗೆ ಅಂತ ಹಾಕಿದ್ದಲ್ಲ, ಕೆಲಸ ಅಂತ ಹಾಕಿದ್ದು. ಪದಕ ನಿಜವಾ ಅಂತ ನೋಡೋದಂತೂ ಇನ್ನೂ ಸುಲಭ. ಯಾರಿಗೆ ಯಾವ ಪದಕ ಅನ್ನೋದು 'ಲಂಡನ್ ಗೆಜೆಟ್'ನಲ್ಲಿ ಅಚ್ಚಾಗಿದೆ.

ಇನ್ನೊಬ್ಬ ಪೈಲಟ್ ಬಗ್ಗೆ ಹೇಳದೆ ಮುಗಿಸೋಕಾಗಲ್ಲ. ನ್ಯೂಜಿಲೆಂಡಿನ ಲೆಸ್ ಮನ್ರೋ. ಅಣೆಕಟ್ಟು ದಾಳಿಯ ರಾತ್ರಿ ಇವರ ವಿಮಾನಕ್ಕೆ ದಾರಿಯಲ್ಲೇ ಗುಂಡು ಬಿದ್ದು, ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದಂತಾಯ್ತು. ಬಾಂಬ್ ಸಮೇತ ವಾಪಸ್ ಬಂದರು. ಆಮೇಲೂ ಎಷ್ಟೋ ದಾಳಿಗಳಿಗೆ ಹೋದರು, ಪದಕ ಪಡೆದರು. ಆ ದಾಳಿಯ ಪೈಲಟ್‌ಗಳಲ್ಲಿ ಕೊನೆಯವರೆಗೆ ಬದುಕಿದ್ದವರು ಅವರೇ. ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಜನ ಸತ್ತರು. ಅವರಿಗೆ ಲಂಡನ್ನಿನಲ್ಲಿ ಸ್ಮಾರಕ ಎದ್ದಿದ್ದು 2012ರಲ್ಲಿ. ಆ ಸ್ಮಾರಕದ ನಿರ್ವಹಣೆಗೆ ದುಡ್ಡು ಬೇಕು ಅಂತ ಮನ್ರೋ 2015ರಲ್ಲಿ, 95 ದಾಟಿದ ವಯಸ್ಸಿನಲ್ಲಿ, ತಮ್ಮ ಪದಕಗಳನ್ನೂ ಲಾಗ್ ಬುಕ್ಕನ್ನೂ ಹರಾಜಿಗೆ ಇಟ್ಟರು. ಕೊನೆಗೆ ಲಾರ್ಡ್ ಆಶ್‌ಕ್ರಾಫ್ಟ್ 75,000 ಪೌಂಡ್ ದಾನ ಕೊಟ್ಟರು, ಹರಾಜು ನಿಂತಿತು, ಪದಕಗಳು ಆಕ್ಲೆಂಡಿನ ಮ್ಯೂಸಿಯಮ್ಮಿಗೆ ಹೋದವು. ಅದೇ ಆಗಸ್ಟಿನಲ್ಲಿ ಮನ್ರೋ ತೀರಿಕೊಂಡರು. ಸಂಗ್ರಹಕಾರರು ಯಾವುದಕ್ಕಾಗಿ ಬಾಯಿಬಾಯಿ ಬಿಡ್ತಿದ್ದರೋ ಅದನ್ನು ಅವರು ಸತ್ತ ಗೆಳೆಯರ ಹೆಸರಿಗೆ ಬಿಟ್ಟುಕೊಡೋಕೆ ತಯಾರಾಗಿದ್ದರು.

ಆ ದಾಳಿಗೆ ಹೋಗಿ ಬದುಕಿದ್ದ ಕಟ್ಟಕಡೆಯವರು, ಬಾಂಬ್ ಗುರಿಕಾರ ಜಾನಿ ಜಾನ್ಸನ್, 2022ರ ಡಿಸೆಂಬರಿನಲ್ಲಿ 101ನೇ ವಯಸ್ಸಿಗೆ ಹೋದರು. ಇನ್ನು ಆ 133 ಜನರ ಅಸಲಿ ಸಹಿ ಒಂದೇ ಒಂದು ಕೂಡ ಹೊಸದಾಗಿ ಹುಟ್ಟೋದಿಲ್ಲ. ಹೆಚ್ಚಾಗೋದಿದ್ದರೆ ನಕಲಿ ಮಾತ್ರ.

ಇನ್ನೊಂದು ಮಾತು. ಇದನ್ನು ಯಾವ ಪ್ರಮಾಣಪತ್ರವೂ ಹೇಳೋದಿಲ್ಲ. ಮೋನೆ ಅಣೆಕಟ್ಟು ಒಡೆದಾಗ ಕೆಳಗಿನ ಕಣಿವೆಗೆ ನುಗ್ಗಿದ ನೀರಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಜರ್ಮನ್ನರೇ ಅಲ್ಲ. ಹಿಟ್ಲರನ ಆಡಳಿತ ಬೇರೆ ದೇಶಗಳಿಂದ ಎಳೆದು ತಂದಿದ್ದ ಜೀತದಾಳುಗಳು, ಯುದ್ಧಕೈದಿಗಳು. ನೇಹೈಮ್ ಊರಿನ ಶಿಬಿರದಲ್ಲಿದ್ದ ಸೋವಿಯತ್ ಹೆಣ್ಣುಮಕ್ಕಳು ನೂರಾರು ಸಂಖ್ಯೆಯಲ್ಲಿ ಕೊಚ್ಚಿಹೋದರು. ಅವರ ಸಹಿ ಯಾರ ಹತ್ತಿರವೂ ಇಲ್ಲ, ಯಾರೂ ಕೇಳಲೂ ಇಲ್ಲ. ಇದನ್ನು ಹೇಳಿದರೆ ಆ ಹುಡುಗರ ಧೈರ್ಯ ಸುಳ್ಳಾಗೋದಿಲ್ಲ. ಧೈರ್ಯವೂ ನಿಜ, ಆ ನೀರೂ ನಿಜ. ಸಹಿ ಅಸಲಿ ಅಂತ ಸಾಬೀತಾದ ಮಾತ್ರಕ್ಕೆ ಇತಿಹಾಸ ಪೂರ್ತಿ ಕೈಗೆ ಬಂತು ಅಂದುಕೊಳ್ಳಬಾರದು, ಅಷ್ಟೇ ನನ್ನ ಮಾತು.

ಗೆಳೆಯನಿಗೆ ಉಪದೇಶ ಮಾಡೋ ಯೋಗ್ಯತೆ ನನಗಿದೆಯಾ? ಕೆಲವು ವರ್ಷಗಳ ಹಿಂದೆ ನಾನೇ ಒಂದು ಪತ್ರವನ್ನು ಕ್ಯಾಮೆರಾ ಮುಂದೆ ಓದಿದ್ದೆ. ಲೆಟರ್‌ಹೆಡ್ ಇತ್ತು, ಸೀಲ್ ಇತ್ತು, ಸಹಿ ಇತ್ತು. ತಾರೀಕು ಮಾತ್ರ ನೋಡಿರಲಿಲ್ಲ. ಅದು ಭಾನುವಾರ, ಕಚೇರಿಗೆ ರಜೆ. ಪತ್ರ ನಕಲಿ. ಮಾರನೇ ದಿನ ಅದೇ ಕುರ್ಚಿಯಲ್ಲಿ ಕೂತು ಕ್ಷಮೆ ಕೇಳಿದೆ. ಆದರೆ ಪತ್ರ ನೋಡಿದವರೆಲ್ಲ ಕ್ಷಮೆ ನೋಡಿರೋದಿಲ್ಲ. ಅವತ್ತಿನಿಂದ ಯಾವ ದಾಖಲೆ ಬಂದರೂ ಮೊದಲು ತಾರೀಕು ನೋಡ್ತೀನಿ. ಗಿಬ್ಸನ್ ಪುಸ್ತಕದ ಇಸವಿ ಕಣ್ಣಿಗೆ ಬಿದ್ದಿದ್ದು ಬುದ್ಧಿವಂತಿಕೆಯಿಂದಲ್ಲ, ಆ ಪೆಟ್ಟಿನಿಂದ.

ಅವತ್ತು ರಾತ್ರಿ ಗೆಳೆಯ ಕೇಳಿದ, 'ಈಗೇನ್ ಮಾಡ್ಲಿ? ಮಾರಿದವನ ನಂಬರ್ ಸ್ವಿಚ್ಡ್ ಆಫ್. ನಾನೂ ಯಾರಿಗಾದ್ರೂ ದಾಟಿಸಿಬಿಡ್ಲಾ?'

ತಮಾಷೆಗೆ ಕೇಳಿದನೋ ನಿಜವಾಗಿ ಕೇಳಿದನೋ ಗೊತ್ತಾಗಲಿಲ್ಲ. ನಾನು ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಮತ್ತೊಂದು ಫೋಟೋ ಬಂತು. ಅದೇ ಪುಸ್ತಕ, ಅದೇ ಪುಟ. ಸಹಿಯ ಕೆಳಗೆ ಅವನು ತನ್ನ ಕೈಯಲ್ಲಿ, ಕನ್ನಡದಲ್ಲಿ, ಪೆನ್ನಿನಿಂದಲೇ ಬರೆದಿದ್ದ: 'ಈ ಸಹಿ ನಕಲಿ. ಇದನ್ನು ಬರೆದವರು 1944ರಲ್ಲೇ ತೀರಿಕೊಂಡಿದ್ದಾರೆ. ಪುಸ್ತಕ ಮಾತ್ರ ಓದಿ.'

ಕೆಳಗೆ ತನ್ನ ಸಹಿ ಹಾಕಿ, ತಾರೀಕು ಬರೆದಿದ್ದ.