ಮೆಟ್ಟಿಲು ಕೂರಿಸಿದ ಕೈ

ವಾದ್ಯಗಳ ಚರಿತ್ರೆ ಎಂದರೆ ನಮ್ಮಲ್ಲಿ ನುಡಿಸಿದವರ ಚರಿತ್ರೆ. ವೀಣೆ ಎಂದ ಕೂಡಲೇ ಶೇಷಣ್ಣನವರು, ಪಿಟೀಲು ಎಂದರೆ ಚೌಡಯ್ಯನವರು. ಶೇಷಣ್ಣನವರ ವೀಣೆಯ ಕೊಡ ಕೊರೆದವರು ಯಾರು, ಚೌಡಯ್ಯನವರ ಏಳು ತಂತಿಯ ಪಿಟೀಲಿಗೆ ಬಿರಡೆ ಕೂರಿಸಿದವರು ಯಾರು ಎಂದು ಕೇಳಿ ನೋಡಿ, ಎಲ್ಲರೂ ನಿಮ್ಮ ಮುಖವನ್ನೇ ನೋಡುತ್ತಾರೆ. ಆ ಕೈ ಹೆಂಗಸಿನದಾಗಿದ್ದರಂತೂ ಮುಗಿದೇ ಹೋಯಿತು. ನನಗೆ ಈ ಪ್ರಶ್ನೆ ಹುಟ್ಟಿದ್ದು ಯಾವ ಸಂಗೀತ ಸಭೆಯಲ್ಲೂ ಅಲ್ಲ. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ನಡುಮನೆಯಲ್ಲಿ, ಹಳೆಯ ಚಾದರದ ಮೇಲೆ ಬಿಡಿಬಿಡಿಯಾಗಿ ಹರಡಿಕೊಂಡಿದ್ದ ಒಂದು ಎಲೆಕ್ಟ್ರಿಕ್ ಬೇಸ್ ಗಿಟಾರಿನ ಮುಂದೆ.

ಕಿಟ್ ಎಂದರೆ ನಿಮಗೆ ಗೊತ್ತಿರಬಹುದು. ವಸ್ತು ಸಿದ್ಧವಾಗಿ ಬರುವುದಿಲ್ಲ, ಅದರ ಭಾಗಗಳು ಡಬ್ಬದಲ್ಲಿ ಬರುತ್ತವೆ, ಜೋಡಿಸಿಕೊಳ್ಳುವುದು ಕೊಂಡವರ ಪಾಡು. ನನ್ನ ಮಗಳು ಒಂದು ಒಳ್ಳೆಯ ರೇಷ್ಮೆ ಸೀರೆಯ ಬೆಲೆ ಕೊಟ್ಟು ಇಂಥದೊಂದನ್ನು ತರಿಸಿದ್ದಳು. ಬಣ್ಣ ಕಾಣದ ಕಟ್ಟಿಗೆಯ ಒಡಲು, ಎರಡು ಮೊಳಕ್ಕೆ ತುಸು ಕಡಿಮೆ ಉದ್ದದ ದಂಡಿ, ನಾಲ್ಕು ಬಿರಡೆ, ಒಂದು ಲೋಹದ ಕುದುರೆ, ದಪ್ಪನೆಯ ನಾಲ್ಕು ತಂತಿ, ಒಂದಿಷ್ಟು ವೈರು, ಒಂದು ಪೊಟ್ಟಣ ಸ್ಕ್ರೂ. ದಂಡಿ, ಬಿರಡೆ, ಕುದುರೆ ಎಂಬ ಹೆಸರುಗಳು ನನ್ನವಲ್ಲ. ಎಂಬತ್ತು ದಾಟಿದ ನಮ್ಮ ಅತ್ತೆಯವರು ಕುರ್ಚಿ ಎಳೆದುಕೊಂಡು ಕೂತು, ಒಂದೊಂದನ್ನೇ ಕೈಗೆ ತೆಗೆದುಕೊಂಡು ತಡವಿ ಇಟ್ಟ ಹೆಸರುಗಳು. ಹುಡುಗಿಯಾಗಿದ್ದಾಗ ಹೊಸಪೇಟೆಯಲ್ಲಿ ವೀಣೆ ಕಲಿತವರು ಅವರು.

“ಇದರ ಹೆಸರೇನವಾ?” ಎಂದರು.

“ಬೇಸ್ ಅಂತ, ಅಜ್ಜಿ.”

“ಬೇಸ್ ಅಂತ ಇಟ್ಟಾರಂದ್ರ ಬೇಸೇ ಇರಬೇಕು ಬಿಡು.”

ನಮ್ಮ ಕಡೆ ಬೇಸು ಎಂದರೆ ಚೆನ್ನಾಗಿದೆ ಎಂದು ಅರ್ಥ. ಇಂಗ್ಲಿಷಿನ ಬೇಸ್ ಎಂದರೆ ಮಂದ್ರ. ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಹಾಡು ಕಿವಿಗೆ ಬಿದ್ದರೆ ಈ ವಾದ್ಯ ಎದೆಗೆ ಬಡಿಯುತ್ತದೆ. ಇಳಯರಾಜ ಅವರು ಸಂಗೀತ ಕೊಟ್ಟ 1981ರ ‘ಗೀತಾ’ ಚಿತ್ರದ ಹಾಡುಗಳು ನಿಮಗೆ ಬಾಯಿಪಾಠ ಇದ್ದೇ ಇರುತ್ತವೆ. ಇನ್ನೊಮ್ಮೆ ಕೇಳುವಾಗ ಹಾಡುವವರನ್ನು ಬಿಟ್ಟು ಕೆಳಗೆ ಹರಿಯುವ ಆ ಗುಂ ಗುಂ ಸದ್ದಿನ ಹಿಂದೆ ಹೋಗಿ. ಅದು ನಿಂತರೆ ಹಾಡು ಅನ್ನವಿಲ್ಲದ ಸಾರಿನಂತಾಗುತ್ತದೆ.

ಪಶ್ಚಿಮದವರು ಈ ಕೆಲಸಕ್ಕೆ ಮೊದಲು ಇಟ್ಟುಕೊಂಡಿದ್ದದ್ದು ಆಳೆತ್ತರದ ಪಿಟೀಲು, ಡಬಲ್ ಬೇಸ್. ಅದನ್ನು ನಿಂತು ತಬ್ಬಿಕೊಂಡೇ ನುಡಿಸಬೇಕು. ಊರೂರು ತಿರುಗುವ ಮೇಳದವರಿಗೆ ಅದನ್ನು ಸಾಗಿಸುವುದೇ ಒಂದು ದೊಡ್ಡ ರಾಮಾಯಣ. ಅಷ್ಟು ಕಷ್ಟಪಟ್ಟು ಹೊತ್ತೊಯ್ದರೂ ತುತ್ತೂರಿ, ಡ್ರಮ್ಮುಗಳ ನಡುವೆ ಅದರ ದನಿ ಕೇಳುತ್ತಿರಲಿಲ್ಲ. ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬವರು 1936ರ ಸುಮಾರಿಗೆ ಅದನ್ನು ಗಿಟಾರಿನಂತೆ ಅಡ್ಡ ಹಿಡಿದು ನುಡಿಸುವ, ವಿದ್ಯುತ್ತಿನಿಂದ ದನಿ ಹಿಗ್ಗಿಸುವ ವಾದ್ಯವಾಗಿ ಮಾಡಿದರು. ಅವರ ಮೇಳದಲ್ಲಿ ಅದನ್ನು ನುಡಿಸಿದ್ದು ಅವರ ಪತ್ನಿ ಲೊರೇನ್. ನೂರರ ಆಸುಪಾಸು ತಯಾರಾಗಿ ಆ ವಾದ್ಯ ಮರೆತುಹೋಯಿತು, ಲೊರೇನ್ ಕೂಡ.

ಹೆಸರು ಉಳಿದದ್ದು ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಅವರದು. ಮೂಲತಃ ರೇಡಿಯೋ ರಿಪೇರಿಯವರು, ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಬಹುಶಃ ಅದೇ ಒಳ್ಳೆಯದಾಯಿತು ಎಂದು ನನ್ನ ಅನಿಸಿಕೆ. ನುಡಿಸುವವನಿಗೆ ನಾದದ ಮೇಲೆ ಕಣ್ಣಿದ್ದರೆ ರಿಪೇರಿಯವನಿಗೆ ನಾಳೆ ಇದು ಕೆಟ್ಟರೆ ಬಿಚ್ಚುವುದು ಹೇಗೆ ಎಂಬುದರ ಮೇಲೆ ಕಣ್ಣು. ಹಳೆಯ ಗಿಟಾರುಗಳಲ್ಲಿ ದಂಡಿಯನ್ನು ಒಡಲಿಗೆ ಅಂಟು ಹಾಕಿ ಸೇರಿಸುತ್ತಿದ್ದರು. ಫೆಂಡರ್ ನಾಲ್ಕು ಸ್ಕ್ರೂ ಹಾಕಿ ಬಿಗಿದರು. ದಂಡಿ ಸೊಟ್ಟಗಾಯಿತೇ, ನಾಲ್ಕು ಸ್ಕ್ರೂ ತೆಗೆದು ಬೇರೆ ಹಾಕಿ. ಇವತ್ತು ವಾದ್ಯವೊಂದು ಡಬ್ಬದಲ್ಲಿ ಬಿಡಿಬಿಡಿಯಾಗಿ ಬಳ್ಳಾರಿಗೆ ಬಂದಿಳಿಯುವುದಕ್ಕೆ ಕಾರಣ ಆ ನಾಲ್ಕು ಸ್ಕ್ರೂ.

1951ರಲ್ಲಿ ಅವರು ತಂದ ಬೇಸ್ ಗಿಟಾರಿಗೆ ಇಟ್ಟ ಹೆಸರು ‘ಪ್ರಿಸಿಷನ್’, ಎಂದರೆ ಕರಾರುವಾಕ್ಕು. ಡಬಲ್ ಬೇಸಿನ ದಂಡಿ ಪಿಟೀಲಿನ ಹಾಗೆ ನುಣುಪು. ಬೆರಳು ಕೂದಲೆಳೆಯಷ್ಟು ಜರುಗಿದರೂ ಸ್ವರ ಕೆಡುತ್ತದೆ. ಫೆಂಡರ್ ಇಪ್ಪತ್ತು ಮೆಟ್ಟಿಲು ಹಾಕಿ ಕೊಟ್ಟರು. ಮೆಟ್ಟಿಲ ಹಿಂದೆ ಒತ್ತಿದರೆ ಸಾಕು, ಸ್ವರ ಎಲ್ಲಿರಬೇಕೋ ಅಲ್ಲೇ.

ಇದನ್ನು ಓದಿ ಹೇಳಿದಾಗ ಅತ್ತೆಯವರು ನಕ್ಕರು. “ಇದೇನ್ ಹೊಸಾದು? ನಮ್ಮ ಹಂಪ್ಯಾಗ ಮಾಡಿದ್ದಲ್ಲೇನು?”

ಅತ್ತೆಯವರ ಊರಭಿಮಾನ ಇಲ್ಲಿ ಸುಳ್ಳಲ್ಲ. ನಮ್ಮೂರಿನಿಂದ ಅರವತ್ತು ಕಿಲೋಮೀಟರ್ ಆಚೆಯ ವಿಜಯನಗರದಲ್ಲಿ 1550ರಲ್ಲಿ ರಾಮಾಮಾತ್ಯ ಎಂಬ ವಿದ್ವಾಂಸರು ಅಳಿಯ ರಾಮರಾಯನ ಇಚ್ಛೆಯಂತೆ ‘ಸ್ವರಮೇಳ ಕಲಾನಿಧಿ’ ಎಂಬ ಸಂಸ್ಕೃತ ಗ್ರಂಥ ಬರೆದರು. ವೀಣೆಯ ಯಾವ ತಂತಿಯನ್ನು ಯಾವ ಸ್ವರಕ್ಕೆ ಶ್ರುತಿ ಮಾಡಬೇಕು, ಮೆಟ್ಟಿಲುಗಳನ್ನು ಎಲ್ಲೆಲ್ಲಿ ಕೂರಿಸಬೇಕು ಎಂಬುದಕ್ಕೇ ಅದರಲ್ಲಿ ಒಂದು ಭಾಗ ಮೀಸಲು. ಅದರಲ್ಲೊಂದು ವೀಣೆಗೆ ಅಚ್ಯುತರಾಯನ ಹೆಸರೇ ಇದೆ, ಅಚ್ಯುತರಾಜೇಂದ್ರಮೇಳ ವೀಣೆ ಎಂದು. ಒಂದೊಂದು ರಾಗಕ್ಕೂ ಮೆಟ್ಟಿಲು ಸರಿಸಿಕೊಳ್ಳುವ ವೀಣೆ ಒಂದು ಬಗೆ, ಎಲ್ಲ ರಾಗಗಳಿಗೂ ಸಲ್ಲುವಂತೆ ಮೆಟ್ಟಿಲು ಕೂರಿಸಿದ ವೀಣೆ ಇನ್ನೊಂದು ಬಗೆ ಎಂದು ಅವರು ಬೇರೆಮಾಡಿ ಹೇಳುತ್ತಾರೆ. ಹದಿನೈದೇ ವರ್ಷಕ್ಕೆ, 1565ರಲ್ಲಿ ಆ ನಗರ ಹಾಳಾಯಿತು. ವಿದ್ಯೆ ದಕ್ಷಿಣಕ್ಕೆ ಹೋಯಿತು. ಇಪ್ಪತ್ನಾಲ್ಕು ಮೆಟ್ಟಿಲನ್ನು ಕದಲದಂತೆ ಕೂರಿಸಿದ ಇಂದಿನ ವೀಣೆಯ ಕೀರ್ತಿಯನ್ನು ಮುಂದಿನ ಶತಮಾನದ ತಂಜಾವೂರಿನ ರಘುನಾಥ ನಾಯಕನಿಗೆ ಕೊಡುವುದು ರೂಢಿ. ರಾಜನಿಗೆ ಕೀರ್ತಿ, ಮಂತ್ರಿಗೆ ಗ್ರಂಥ. ಬಿಸಿ ಮೇಣದಲ್ಲಿ ಬೆರಳು ಸುಟ್ಟುಕೊಂಡು ಮೆಟ್ಟಿಲು ಕೂರಿಸಿದವನ ಹೆಸರು ಎರಡರಲ್ಲೂ ಇಲ್ಲ.

ಫೆಂಡರ್ ಕಾರ್ಖಾನೆಯ ಕಥೆಯೂ ಇದಕ್ಕಿಂತ ದೂರವೇನಲ್ಲ. ಎಲೆಕ್ಟ್ರಿಕ್ ಗಿಟಾರಿನ ಜೀವ ಇರುವುದು ತಂತಿಯ ಕೆಳಗೆ ಕೂತ ಪಿಕಪ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ. ಒಳಗೆ ಅಯಸ್ಕಾಂತದ ಗುಂಡುಕಡ್ಡಿಗಳು, ಅವುಗಳ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ನಡುಗಿದರೆ ಅಯಸ್ಕಾಂತದ ಸೆಳೆತದಲ್ಲಿ ಏರುಪೇರಾಗಿ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು ಕುಡಿದು ಬೆಳೆದ ನಮಗೆ ಕಬ್ಬಿಣ ಹೊಸದಲ್ಲ. ಆದರೆ ಅದು ಹೀಗೂ ಹಾಡುತ್ತದೆಂದರೆ ಸೋಜಿಗವೇ. ಆ ತಾಮ್ರದ ತಂತಿ ಎಳೆತ ಹೆಚ್ಚಾದರೆ ಹರಿಯುತ್ತದೆ, ಸಡಿಲವಾದರೆ ಸುರುಳಿ ಕೆಡುತ್ತದೆ. ಇಂಥ ಕೆಲಸಕ್ಕೆ ಲೋಕದ ಎಲ್ಲ ಕಡೆ ಯಾರನ್ನು ಹುಡುಕುತ್ತಾರೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಅಬಿಗೇಲ್ ಇಬಾರಾ ಎಂಬಾಕೆ 1956ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದರು. 2013ರವರೆಗೆ ಪಿಕಪ್ ಸುತ್ತುತ್ತಲೇ ಇದ್ದರು, ಐವತ್ತು ವರ್ಷಕ್ಕೂ ಮೇಲೆ. ಲೋಕವನ್ನೇ ಕುಣಿಸಿದ ಎಷ್ಟೋ ಗಿಟಾರುಗಳ ಒಳಗೆ ಆಕೆಯ ಕೈಯ ಸುತ್ತುಗಳಿವೆ. ವಯಸ್ಸಾದ ಮೇಲೆ ಆಕೆಯ ಹೆಸರು ಹೊರಬಂತು, ಆಕೆಯ ಕೈಸಹಿ ಇದ್ದ ಪಿಕಪ್ಪುಗಳಿಗೆ ಜನ ಮುಗಿಬಿದ್ದರು. ಆಕೆಯ ಪಕ್ಕದಲ್ಲಿ ಕೂತು ಸುತ್ತಿದ ಉಳಿದವರು?

ಗಿಬ್ಸನ್ ಎಂಬ ಇನ್ನೊಂದು ಹೆಸರಾಂತ ಕಂಪನಿಯದು ಇದಕ್ಕಿಂತ ವಿಚಿತ್ರ. ಎರಡನೆಯ ಮಹಾಯುದ್ಧಕ್ಕೆ ಗಂಡಸರೆಲ್ಲ ಹೋದಾಗ ಕಾರ್ಖಾನೆ ಗಿಟಾರ್ ಬಿಟ್ಟು ಯುದ್ಧಸಾಮಗ್ರಿ ಮಾಡಿತೆಂಬುದೇ ಬಹುಕಾಲ ನಡೆದುಬಂದ ಮಾತು. ಆದರೆ 1944ರ ಒಂದು ಚಿತ್ರದಲ್ಲಿ ಕಲಮಜೂ ಊರಿನ ಆ ಕಾರ್ಖಾನೆಯ ಮುಂದೆ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು ನಿಂತಿದ್ದಾರೆ. ಜಾನ್ ಥಾಮಸ್ ಎಂಬ ಲೇಖಕ ಆ ಚಿತ್ರದ ಬೆನ್ನು ಹತ್ತಿ, ಬದುಕಿದ್ದ ಮುದುಕಿಯರನ್ನು ಹುಡುಕಿ ಮಾತಾಡಿಸಿದಾಗ ತಿಳಿದದ್ದು, ಯುದ್ಧದ ನಡುವೆಯೂ ಅವರು ಸುಮಾರು 25,000 ವಾದ್ಯಗಳನ್ನು ಮಾಡಿದ್ದರು ಎಂದು. ಗಂಡಸರು ಮರಳಿ ಬಂದರು, ಇವರು ಮನೆಗೆ ಹೋದರು. ಆ ವರ್ಷಗಳ ಗಿಟಾರುಗಳನ್ನು ತಿಳಿದವರು ಇವತ್ತೂ ಹುಡುಕಿಕೊಂಡು ಕೊಳ್ಳುತ್ತಾರೆ.

ನುಡಿಸುವವರಲ್ಲೂ ಒಬ್ಬಾಕೆಯನ್ನು ಹೇಳಲೇಬೇಕು. ಲಾಸ್ ಏಂಜಲೀಸಿನ ಕ್ಯಾರಲ್ ಕೇ ಮಕ್ಕಳನ್ನು ಸಾಕಲು ಗಿಟಾರ್ ನುಡಿಸುತ್ತಿದ್ದ ತಾಯಿ. 1963ರ ಒಂದು ದಿನ ಸ್ಟುಡಿಯೋಗೆ ಬೇಸ್ ನುಡಿಸುವವನು ಬರಲಿಲ್ಲ, ಆಕೆ ಎತ್ತಿಕೊಂಡರು. ಆಮೇಲೆ ಸಾವಿರಾರು ಧ್ವನಿಮುದ್ರಣ. ತಟ್ಟೆಗಳ ಮೇಲೆ ಮಾತ್ರ ಹೆಸರಿಲ್ಲ, ಹಿನ್ನೆಲೆಯವರ ಹೆಸರು ಹಾಕುವ ಪದ್ಧತಿಯೇ ಆಗ ಇರಲಿಲ್ಲ.

ಈಗ ನಮ್ಮ ನಡುಮನೆಗೆ ಬರೋಣ. ಮೊದಲ ವಾರವೆಲ್ಲ ಉಜ್ಜುವುದೇ ಕೆಲಸ. ಒರಟು ಪಾಲಿಶ್ ಕಾಗದದಿಂದ ಹಿಡಿದು 120, 220, 400 ಎಂದು ನಯದ ಕಾಗದದವರೆಗೆ, ಯಾವಾಗಲೂ ಎಳೆಯ ಗುಂಟ. ಮನೆ ತುಂಬ ಹಿಟ್ಟಿನಂಥ ಪುಡಿ. ಬಣ್ಣ ಬೇಡ, ಅರಗು ಹಚ್ಚುತ್ತೇನೆ ಎಂದಳು ಮಗಳು. ಅರಗಿನ ಬಳೆ ತೊಟ್ಟವರಿಗೆ, ಚನ್ನಪಟ್ಟಣದ ಗೊಂಬೆ ಆಡಿದವರಿಗೆ, ಪಾಂಡವರ ಅರಗಿನ ಮನೆಯ ಕಥೆ ಕೇಳಿದವರಿಗೆ ಅರಗನ್ನು ಪರಿಚಯಿಸಬೇಕೆ? ಮರದ ಮೇಲಿನ ಸಣ್ಣ ಹುಳುಗಳು ಬಿಡುವ ರಾಳ ಅದು. ಒಂದು ಕಾಲದ ಗ್ರಾಮಫೋನ್ ತಟ್ಟೆಗಳಿಗೂ ಅದೇ ಬೇಕಿತ್ತು, ಯುರೋಪಿನ ಪಿಯಾನೋಗಳ ಹೊಳಪಿಗೂ ಅದೇ. ಅದರ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಯನ್ನು ನನ್ನ ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಕಟ್ಟಿ, ಅದರಿಂದ ತೆಳ್ಳಗೆ ಒರೆಸಬೇಕು. ಒಣಗಿದ ಮೇಲೆ ಮತ್ತೆ. ಗಾಳಿಯಲ್ಲಿ ತೇವವಿದ್ದರೆ ಅರಗು ಬೆಳ್ಳಗೆ ಮಂಕಾಗುತ್ತದಂತೆ. ಬಳ್ಳಾರಿಯ ಏಪ್ರಿಲ್ಲಿನಲ್ಲಿ ತೇವ ಎಲ್ಲಿಂದ ಬರಬೇಕು! ಈ ಊರಿನ ಬಿಸಿಲನ್ನು ಹೊಗಳಲು ನನಗೆ ಸಿಕ್ಕಿದ ಕಾರಣ ಇದೊಂದೇ.

ಹದಿನೈದು ಸಲ ಒರೆಸಿದ ಮೇಲೆ ಕಟ್ಟಿಗೆ ಜೇನಿನ ಬಣ್ಣಕ್ಕೆ ತಿರುಗಿತು. ಆಮೇಲೆ ದಂಡಿ ಬಿಗಿದಳು, ಕುದುರೆ ಕೂರಿಸಿದಳು, ಬೆಸುಗೆ ಹಾಕಿದಳು. ನಾಲ್ಕು ತಂತಿ ಬಿಗಿದಾಗ ಒಟ್ಟು ಎಳೆತ ಎಂಬತ್ತು ಕಿಲೋದ ಹತ್ತಿರ, ಒಬ್ಬ ದಪ್ಪ ಆಳಿನ ತೂಕ. ಅದನ್ನು ತಡೆಯಲು ದಂಡಿಯ ಒಳಗೊಂದು ಉಕ್ಕಿನ ಸರಳಿದೆ. ತಂತಿ ಮುಂದಕ್ಕೆ ಎಳೆದರೆ ಅದು ಹಿಂದಕ್ಕೆ ಎಳೆಯುತ್ತದೆ. ಕಾಲು ಸುತ್ತು, ಕಾಲು ಸುತ್ತು ಎಂದು ತಿರುಗಿಸಿ ನೇರ ಮಾಡಬೇಕು. ಹೆಗಲಿಗೆ ಹಾಕುವ ಪಟ್ಟಿಯನ್ನು ನಾನೇ ಹೊಲಿದೆ, ಜೀನ್ಸ್ ಬಟ್ಟೆಯ ಮೂರು ಪದರ ಹಾಕಿ. ಬಳ್ಳಾರಿಯಲ್ಲಿ ಜೀನ್ಸ್ ತುಂಡಿಗೆ ಬರವೇ!

ಆಂಪ್ಲಿಫೈಯರಿಗೆ ಜೋಡಿಸಿದಾಗ ಮೊದಲು ಬಂದದ್ದು ಒಂದು ಗುಂಯ್ ಎಂಬ ಸದ್ದು. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸಲ ಹೊಯ್ದಾಡುತ್ತದೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ನಡುಗುವುದು ಸೆಕೆಂಡಿಗೆ 41 ಸಲ, ಅದರ ಮೇಲಿನದು 55 ಸಲ. ಹೀಗಾಗಿ ಕರೆಂಟಿನ ಗುಂಯ್ ಎರಡು ತಂತಿಗಳ ನಡುವೆ ಬಂದು ಕೂರುತ್ತದೆ, ಕರೆಯದೆ ಬಂದ ನೆಂಟನ ಹಾಗೆ. ಇದನ್ನು ತಗ್ಗಿಸಲೆಂದೇ 1957ರಲ್ಲಿ ಪ್ರಿಸಿಷನ್ ಬೇಸಿನ ಪಿಕಪ್ಪನ್ನು ಎರಡು ತುಂಡು ಮಾಡಿದರು. ಎರಡು ಸುರುಳಿ ಒಂದಕ್ಕೊಂದು ಎದುರಾಗಿದ್ದರೆ ಹೊರಗಿನ ಗುಂಯ್ ಒಂದನ್ನೊಂದು ಅಳಿಸಿಕೊಳ್ಳುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಉಳಿದ ಗುಂಯ್ ಮಗಳು ತಂತಿಯ ಮೇಲೆ ಕೈಯಿಟ್ಟಾಗ ಅಡಗಿತು. ಕುದುರೆಯಿಂದ ಒಳಗೆ ಎಳೆದ ಒಂದು ಅರ್ಥಿಂಗ್ ವೈರಿನ ಮಹಿಮೆ ಅದು. ಆಮೇಲೆ ಮೊದಲ ಸ್ವರ ಬಂತು. ಅಡಿಗೆಮನೆಯಲ್ಲಿ ಸ್ಟೀಲಿನ ಲೋಟಗಳು ನಡುಗಿದವು. ಅತ್ತೆಯವರು ಕಣ್ಣು ಮುಚ್ಚಿ, “ಮಂದ್ರ ಷಡ್ಜ. ಇಷ್ಟು ಕೆಳಗ ನಾ ಎಂದೂ ಹೋಗಿರಲಿಲ್ಲ” ಎಂದರು.

ಅವರ ವೀಣೆ ಅಟ್ಟದ ಮೇಲಿದೆ. ಮದುವೆಯಾಗಿ ಬಳ್ಳಾರಿಗೆ ಬರುವಾಗ ಜೊತೆಗೆ ತಂದದ್ದು. ವೀಣೆಯ ಮೆಟ್ಟಿಲುಗಳು ಗಿಟಾರಿನಂತೆ ಕಟ್ಟಿಗೆಯಲ್ಲಿ ನಾಟಿಕೊಂಡಿರುವುದಿಲ್ಲ. ಇದ್ದಿಲ ಕಪ್ಪು ಬೆರೆತ ಜೇನುಮೇಣದ ಮೇಲೆ ಕೂತಿರುತ್ತವೆ. ಬೇಸಿಗೆಯಲ್ಲಿ ಮೇಣ ಮೆತ್ತಗಾಗುತ್ತದೆ, ಮೆಟ್ಟಿಲು ಜರುಗುತ್ತದೆ, ಅಪಸ್ವರ. ಮೇಳ ಕಟ್ಟುವವರು ಮೈಸೂರಿನ ಕಡೆಯಿಂದ ಬರಬೇಕಿತ್ತು. ಕೆಲವು ವರ್ಷ ಬಂದರು, ಆಮೇಲೆ ಇಲ್ಲ. ಮನೆ, ಮಕ್ಕಳು, ಬಾಣಂತನಗಳ ನಡುವೆ ವೀಣೆಯನ್ನು ಮೈಸೂರಿಗೆ ಹೊತ್ತೊಯ್ಯುವವರು ಯಾರು? ಹಾಗೆ ಮೇಲೆ ಹೋದದ್ದು ಕೆಳಗೆ ಬರಲಿಲ್ಲ. ಅತ್ತೆಯವರು ವೀಣೆ ಬಿಟ್ಟರು ಎಂದೇ ಬಂಧುಬಳಗ ಹೇಳುತ್ತದೆ. ಬಿಟ್ಟದ್ದು ಅವರಲ್ಲ, ಮೇಣ.

ಗಿಟಾರ್ ಮುಗಿದ ಹದಿನೈದನೆಯ ದಿನ ಮಗಳು ಏಣಿ ಹಾಕಿದಳು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಇವತ್ತೂ ಹಲಸಿನ ಮರದಲ್ಲಿ ವೀಣೆ ಮಾಡುವ ಮನೆತನಗಳಿವೆ. ಅಲ್ಲಿಯ ಒಬ್ಬ ಕಸುಬುದಾರರು ಫೋನಿನಲ್ಲಿ ಮೇಣದ ಹದ ಹೇಳಿಕೊಟ್ಟರು, ಒಂದು ಪೈಸೆ ಕೇಳಲಿಲ್ಲ. ಮಗಳು ಗಿಟಾರಿನ ಲೆಕ್ಕ ಹಿಡಿದು ತಂತಿಯ ಅರ್ಧಕ್ಕೆ ಹನ್ನೆರಡನೆಯ ಮೆಟ್ಟಿಲು ಎಂದು ಪಟ್ಟಿಯಿಂದ ಅಳೆಯತೊಡಗಿದಳು. ಅತ್ತೆಯವರು ಪಟ್ಟಿಯನ್ನು ಕಸಿದುಕೊಂಡರು. “ಇದನ್ನ ಅತ್ಲಾಗಿಡವಾ. ನಾ ಮೀಟ್ತೀನಿ, ನೀ ಸರಸು. ಸಾಕು ಅಂದಾಗ ನಿಲ್ಲಸು.”

ಸಂಜೆ ಬಿಸಿಲು ಇಳಿದ ಮೇಲೆ ಮಾತ್ರ ಕೂರುತ್ತಾರೆ, ದಿನಕ್ಕೆ ಒಂದೋ ಎರಡೋ. ಈ ಶುಕ್ರವಾರಕ್ಕೆ ಹದಿನಾಲ್ಕು ಮೆಟ್ಟಿಲು ಕೂತಿವೆ. ಹದಿಮೂರನೆಯದನ್ನು ಅತ್ತೆಯವರು ಮೂರು ಸಲ ಕೀಳಿಸಿದರು.