ಹೊಳಿ ಬಂದಾಗಿನ ವಿದ್ಯೆ

ಸರ್ಫಿಂಗ್ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವ ಊರು ಮೂಲ್ಕಿ. ಅಮೆರಿಕದಿಂದ ಬಂದ ಸನ್ಯಾಸಿಯೊಬ್ಬರು 2004ರ ಹೊತ್ತಿಗೆ ಅಲ್ಲಿ ಆಶ್ರಮ ಕಟ್ಟಿ, ಪೂಜೆ ಭಜನೆಯ ಜತೆಗೆ ಹಲಗೆಯ ಮೇಲೆ ನಿಂತು ಅಲೆಯೇರುವುದನ್ನೂ ಕಲಿಸತೊಡಗಿದರು. ಶಾಂಭವಿ, ನಂದಿನಿ ಹೊಳೆಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ ಈಗ ರಾಷ್ಟ್ರಮಟ್ಟದ ಸ್ಪರ್ಧೆಗಳೇ ನಡೆಯುತ್ತವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಎರೆಹೊಲಗಳಿಗೂ ಈ ಆಟಕ್ಕೂ ಏನು ನಂಟು ಎಂದು ಕೇಳಿದರೆ ನಕಾಶೆ ಏನೂ ಇಲ್ಲ ಎನ್ನುತ್ತದೆ. ಈ ಊರುಗಳ ಹೊಳೆ ಮಲಪ್ರಭೆ. ಅದು ಹುಟ್ಟುವ ಖಾನಾಪುರ ತಾಲೂಕಿನ ಕಣಕುಂಬಿ ಗೋವಾದ ಗಡಿಗೆ ಅಂಟಿಕೊಂಡಿದೆ, ಅಲ್ಲಿಂದ ಅರಬ್ಬಿ ಸಮುದ್ರ ದೂರವೇನಲ್ಲ. ಆದರೂ ಹೊಳೆ ಆ ಕಡಲಿಗೆ ಬೆನ್ನು ಹಾಕಿ ಪೂರ್ವಕ್ಕೆ ತಿರುಗಿ, ಸುಮಾರು 300 ಕಿಲೋಮೀಟರ್ ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಇಲ್ಲಿ ದಂಡೆಗೆ ಬಂದು ಒಡೆಯುವ ಅಲೆ ಇಲ್ಲ. ಆದರೆ ನೀರಿನ ಓಟವನ್ನು ಓದಿ, ಅದರ ಬಲದ ಮೇಲೆಯೇ ಸವಾರಿ ಮಾಡಿ ದಡ ಸೇರುವ ವಿದ್ಯೆ ಇತ್ತು. ಅದರ ವಾಹನ ಹರಿಗೋಲು, ಅದಕ್ಕಿಂತ ಬಡವರದು ಒಣಗಿದ ಸೋರೆ ಬುರುಡೆ. ಸೇತುವೆ ಬಂತು, ಹರಿಗೋಲು ಹೋಯಿತು ಎಂದು ಸಾಮಾನ್ಯವಾಗಿ ಹೇಳಿ ಮುಗಿಸುತ್ತಾರೆ. ನನಗದು ಅರ್ಧ ಸತ್ಯವಾಗಿ ಕಾಣುತ್ತದೆ. ಸೇತುವೆ ಕಸಿದುಕೊಂಡದ್ದು ಅಂಬಿಗನ ಕೂಲಿಯನ್ನು. ವಿದ್ಯೆ ಹೋದದ್ದು ಹೊಳೆಯಿಂದ ನೀರಿನ ಓಟವೇ ಹೋದಾಗ.

ದುಡಿಮೆಯ ದೋಣಿಯನ್ನು ಆಟದ ಹಲಗೆಯ ಪಕ್ಕದಲ್ಲಿಡುವುದು ಸರಿಯೇ ಎಂದು ಯಾರಾದರೂ ತಕರಾರು ತೆಗೆಯಬಹುದು. ನಮ್ಮಲ್ಲೂ ಸರ್ಫಿಂಗ್ ಇತ್ತು ಎಂದು ಎದೆಯುಬ್ಬಿಸುವುದು ಇಲ್ಲಿನ ಉದ್ದೇಶವಲ್ಲ. ಅಂಥ ಹೆಮ್ಮೆಗೆ ಆಧಾರವೂ ಇಲ್ಲ. ಆದರೆ ದುಡಿಮೆಗೂ ಆಟಕ್ಕೂ ನಡುವಿನ ಗೆರೆ ನಾವಂದುಕೊಂಡಷ್ಟು ದಪ್ಪವಾಗಿಲ್ಲ. ಪೆರು ದೇಶದ ಮೀನುಗಾರರು ಜೊಂಡು ಹುಲ್ಲಿನ ಕಿರುದೋಣಿಯ ಮೇಲೆ ಕುಳಿತು, ಹಿಡಿದ ಮೀನಿನ ಸಮೇತ ಅಲೆಯೇರಿ ದಡಕ್ಕೆ ಮರಳುತ್ತಾರೆ. ಅವರಿಗೆ ಅದು ಮನೆಗೆ ಬರುವ ದಾರಿ. ವಿಯೆಟ್ನಾಮಿನ ಕರಾವಳಿಯಲ್ಲಿ ಬಿದಿರು ಹೆಣೆದ ದುಂಡನೆಯ ಬುಟ್ಟಿದೋಣಿಯಲ್ಲೇ ಬೆಸ್ತರು ದಂಡೆಯ ಅಲೆಗಳನ್ನು ದಾಟುತ್ತಾರೆ. ಅಂದರೆ ನಮ್ಮ ಹರಿಗೋಲಿನ ದೂರದ ಬೀಗರು ಕಡಲಲ್ಲೇ ಇದ್ದಾರೆ. ಕಡಲಿಗೂ ಹೊಳೆಗೂ ಒಂದು ಮುಖ್ಯ ವ್ಯತ್ಯಾಸವಿದೆ ಎಂಬುದು ನಿಜ. ಕಡಲಲ್ಲಿ ಅಲೆ ಓಡುತ್ತದೆ, ನೀರು ಹೆಚ್ಚುಕಡಿಮೆ ಇದ್ದಲ್ಲೇ ಏರಿಳಿಯುತ್ತದೆ. ಹೊಳೆಯಲ್ಲಿ ನೀರು ಓಡುತ್ತದೆ, ಬಂಡೆಯ ಹಿಂದಿನ ಅಲೆ ನಿಂತಲ್ಲೇ ನಿಲ್ಲುತ್ತದೆ. ಜರ್ಮನಿಯ ಮ್ಯೂನಿಕ್ ನಗರದ ನಡುವಿನ ಕಾಲುವೆಯೊಂದರಲ್ಲಿ ಹೀಗೆ ನಿಂತ ಅಲೆಯ ಮೇಲೆ ಹಲಗೆ ಹಾಕಿ ಆಡುತ್ತಾರೆ. ಎರಡು ಕಡೆಯೂ ಸವಾರನಿಗೆ ಬೇಕಾದ ಗುಣ ಮಾತ್ರ ಒಂದೇ. ನೀರಿನ ಜತೆ ಜಗಳಕ್ಕಿಳಿಯದೆ, ಅದು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಮೊದಲೇ ಊಹಿಸಿ ಅಲ್ಲಿಗೇ ಹೊರಡಬೇಕು.

ಹರಿಗೋಲನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಸೀಳಿದ ಬಿದಿರಿನ ದಬ್ಬೆಗಳನ್ನು ಹೆಣೆದ ದೊಡ್ಡ ಬುಟ್ಟಿ, ಹೊರಮೈಗೆ ಎಮ್ಮೆಯದೋ ಎತ್ತಿನದೋ ತೊಗಲು. ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ಅಡಿಯಲ್ಲಿ ನೀರು ಸೀಳುವ ಏಣೂ ಇಲ್ಲ. ಗೇಣುದ್ದ ನೀರಿದ್ದರೂ ತೇಲುತ್ತದೆ. ಬಂಡೆಗೆ ಬಡಿದರೆ ಒಡೆಯದೆ ಬಾಗುತ್ತದೆ. ಉದ್ದದ ದೋಣಿ ಸೆಳವಿಗೆ ಅಡ್ಡ ಸಿಕ್ಕರೆ ಮಗುಚುವ ಭಯ, ದುಂಡಗಿನದಕ್ಕೆ ಅಡ್ಡವೂ ಇಲ್ಲ ಉದ್ದವೂ ಇಲ್ಲ. ಬದಲಿಗೆ ಅದು ಗಿರಗಿರನೆ ತಿರುಗುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಆನೆಗುಂದಿಯ ಕಡವಿನಲ್ಲಿ ಇದನ್ನು ಕಂಡು ಬರೆದಿಟ್ಟಿದ್ದಾನೆ: ಹದಿನೈದು ಇಪ್ಪತ್ತು ಜನ ಹಿಡಿಸುವ ಬುಟ್ಟಿ, ಬೇಕಾದರೆ ಕುದುರೆ ಎತ್ತನ್ನೂ ಹೊರುತ್ತದೆ, ಆದರೆ ನೆಟ್ಟಗೆ ಹೋಗಲಾರದು, ಸುತ್ತುತ್ತಲೇ ಸಾಗುತ್ತದೆ. ಈ ರಾಜ್ಯದ ಹೊಳೆಗಳಲ್ಲಿ ಇದನ್ನು ಬಿಟ್ಟು ಬೇರೆ ದೋಣಿಯೇ ಇಲ್ಲವೆಂದೂ ಆತ ಹೇಳುತ್ತಾನೆ. ಪಾಯೆಸನಿಗೆ ಕೊರತೆಯಾಗಿ ಕಂಡ ಆ ಸುತ್ತುವಿಕೆಯನ್ನು ಅಂಬಿಗ ಹುಟ್ಟುಗೋಲಿನಿಂದ ಹತೋಟಿಯಲ್ಲಿಡುತ್ತಿದ್ದ. ಬುಟ್ಟಿಯ ಮುಂಬದಿಗೆ ಕುಳಿತು ನೀರನ್ನು ತನ್ನತ್ತ ಎಳೆದುಕೊಳ್ಳುವುದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ. ದಾಟುವ ಲೆಕ್ಕವೂ ಅಷ್ಟೇ ಜಾಣತನದ್ದು. ಇಳಿಯಬೇಕಾದ ಜಾಗದ ನೇರ ಎದುರಿನಿಂದ ಯಾರೂ ಹೊರಡುವುದಿಲ್ಲ. ಹರಿಗೋಲನ್ನು ದಂಡೆಯುದ್ದಕ್ಕೂ ಮೇಲಕ್ಕೆ ಎಳೆದೊಯ್ದು, ಅಲ್ಲಿಂದ ಸೆಳವಿಗೆ ಬಿಟ್ಟು, ಓರೆಯಾಗಿ ಜಾರುತ್ತ ಕೆಳಗಿನ ಕಡವಿಗೆ ಮುಟ್ಟಿಸುವುದು. ಎಷ್ಟು ಮೇಲಕ್ಕೆ ಹೋಗಬೇಕೆಂಬುದನ್ನು ಆ ದಿನದ ನೀರು ಹೇಳಬೇಕು. ಕೆಲಸ ಮುಗಿದ ಮೇಲೆ ಬೋರಲು ಹಾಕಿ ಒಣಗಿಸದಿದ್ದರೆ ತೊಗಲು ಕೊಳೆಯುತ್ತದೆ.

ಮಲಪ್ರಭೆಯಲ್ಲಿ ಇಂಥ ಓದು ಯಾಕೆ ಬೇಕಾಯಿತೆಂದರೆ, ಅದು ಮೋಸದ ಹೊಳೆ. ಕಣಕುಂಬಿಯ ಘಟ್ಟದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ, ರಾಮದುರ್ಗದಲ್ಲಿ 600ರ ಆಸುಪಾಸು. ಹೀಗಾಗಿ ರಾಮದುರ್ಗದ ರೈತ ಮುಗಿಲು ನೋಡುತ್ತ ಮಳೆಗೆ ಕಾಯುತ್ತಿರುವಾಗಲೇ ಊರ ಬುಡಕ್ಕೆ ಕೆಂಪು ನೀರು ಬಂದು ನಿಲ್ಲುತ್ತದೆ. ‘ಹೊಳಿ ಬಂದೈತಿ’ ಎನ್ನುವ ಮಾತಿನಲ್ಲಿ ಹೊಳೆಯೇ ಎಲ್ಲಿಂದಲೋ ಬಂದ ನೆಂಟನಂತೆ ಕಾಣಿಸುವುದು ಸುಮ್ಮನೆ ಅಲ್ಲ. ಬೇಸಿಗೆಯಲ್ಲಿ ಚಕ್ಕಡಿ ಹೊಡೆದುಕೊಂಡು ದಾಟುವ ಮರಳಹಾದಿ ಮುಂಗಾರಿನಲ್ಲಿ ಗೋಡೆಯಾಗುತ್ತಿತ್ತು. ಆ ಗೋಡೆಯ ಬೆಲೆಯನ್ನು ದಂಡಾಳುಗಳು ಚೆನ್ನಾಗಿ ಬಲ್ಲವರು. 1800ರ ಜುಲೈ 30ರಂದು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂದಲ್ಲಿ ಗೆದ್ದ ಅದೇ ವೆಲ್ಲಿಂಗ್ಟನ್, ಮುನವಳ್ಳಿಯ ಎದುರಿನ ದಂಡೆಯಲ್ಲಿ ಬೀಡುಬಿಟ್ಟಿದ್ದ ಬಂಡಾಯದ ದಳಪತಿ ಧೋಂಡಿಯಾ ವಾಘನ ಪಡೆಯ ಮೇಲೆ ಬಿದ್ದ. ಧೋಂಡಿಯಾನ ತೋಪುಗಳು ಆಗಲೇ ಆಚೆ ದಂಡೆ ಸೇರಿದ್ದವು. ಈಚೆ ಉಳಿದ ಜನ, ಕುದುರೆ, ಎತ್ತುಗಳು ತುಂಬಿದ ಹೊಳೆಗೆ ಬಿದ್ದವು. ಬ್ರಿಟಿಷ್ ಸೈನಿಕರು ಆ ತೋಪುಗಳನ್ನು ವಶಪಡಿಸಿಕೊಳ್ಳಲು ಮೊದಲು ಈಜಿ ಹೋಗಿ ದೋಣಿಯೊಂದನ್ನು ಹಿಡಿಯಬೇಕಾಯಿತು. ಧೋಂಡಿಯಾ ಮಾತ್ರ ಹೊಳೆಯ ಮೂಲದ ಕಾಡಿನತ್ತ ಸರಿದು, ನೀರು ಕಿರಿದಾದಲ್ಲಿ ದಾಟಿ ತಪ್ಪಿಸಿಕೊಂಡ. ಆ ಸೆಪ್ಟೆಂಬರಿನಲ್ಲಿ ಅವನು ಹತನಾದ. ಈ ದಾಳಿಯ ಬಗ್ಗೆ ಪುಟಗಟ್ಟಲೆ ಪತ್ರಗಳಿವೆ, ತೋಪುಗಳ ಲೆಕ್ಕವಿದೆ. ಭಾರದ ತೋಪನ್ನು ಆ ಸೆಳವಿನಲ್ಲಿ ಆಚೆ ಮುಟ್ಟಿಸಿದ ಅಂಬಿಗ ಯಾರು ಎಂಬುದಕ್ಕೆ ಒಂದು ಸಾಲೂ ಇಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾಕೆ ಎಂಬ ಗಾದೆ ಇತಿಹಾಸ ಬರೆಯುವವರಿಗೂ ಒಪ್ಪುತ್ತದೆ.

ಆರುನೂರು ವರ್ಷ ಹಿಂದಕ್ಕೆ ಹೋದರೆ ಹೆಸರುಗಳು ಸಿಗುತ್ತವೆ ಎಂಬುದೇ ಸೋಜಿಗ. ಹರಿಗೋಲಿಗೆ ಮೂರು ಕಸುಬು ಕೂಡಬೇಕು: ಬಿದಿರಿಗೆ ಮೇದಾರ, ತೊಗಲಿಗೆ ಸಮಗಾರ, ಹುಟ್ಟಿಗೆ ಅಂಬಿಗ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯ, ಸಮಗಾರ ಹರಳಯ್ಯ, ಅಂಬಿಗರ ಚೌಡಯ್ಯ ಮೂವರೂ ಇದ್ದಾರೆ. ಒಂದು ಹರಿಗೋಲಿಗೆ ಬೇಕಾದವರೆಲ್ಲ ಕಲ್ಯಾಣದಲ್ಲೇ ಕೂಡಿದಂತಾಯಿತು. ಅದೇ ಕಲ್ಯಾಣ ಚೆದುರಿದ ಮೇಲೆ ಶರಣರು ಉಳವಿಯತ್ತ ಸಾಗಿದ ದಾರಿಯನ್ನು ಜನರ ನೆನಪು ಈ ಹೊಳೆಯ ಉದ್ದಕ್ಕೇ ಗುರುತಿಸುತ್ತದೆ. ಕಾದರೊಳ್ಳಿಯಲ್ಲಿ ಕಾಳಗವಾಯಿತೆನ್ನುತ್ತಾರೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಮಂಟಪ ಮಲಪ್ರಭೆಯ ಪಾತ್ರದಲ್ಲೇ ಇದೆ. ಐತಿಹ್ಯವನ್ನು ದಾಖಲೆಯ ತೂಕದಲ್ಲಿ ಅಳೆಯಬೇಕಾಗಿಲ್ಲ. ಆದರೆ ಈ ನಾಡಿನ ಕಲ್ಪನೆಯಲ್ಲಿ ಹೊಳೆ ದಾಟುವುದು ಎಷ್ಟು ದೊಡ್ಡ ಸಂಗತಿಯಾಗಿತ್ತು ಎಂಬುದಕ್ಕೆ ಅದು ಸಾಕ್ಷಿ. ಅಂಬಿಗೇರ, ಬಾರಕೇರ, ಸುಣಗಾರ ಎಂಬ ಅಡ್ಡಹೆಸರುಗಳು ಇಂದಿಗೂ ಈ ಭಾಗದ ರೇಶನ್ ಕಾರ್ಡುಗಳಲ್ಲಿ ಉಳಿದಿವೆ, ಹುಟ್ಟು ಹಿಡಿದು ಗೊತ್ತಿಲ್ಲದವರ ಹೆಸರಿನ ಮುಂದೆಯೂ.

ಇನ್ನು ಸೇತುವೆಯ ಮಾತು. ಕಸುಬಿನ ಮೇಲೆ ಮೊದಲ ಪೆಟ್ಟು ಬಿದ್ದದ್ದು ಸೇತುವೆಯಿಂದಲೂ ಅಲ್ಲ, ಕಾಗದದಿಂದ. 1868ರ ಮುಂಬೈ ಕಾಯ್ದೆ ಸಾರ್ವಜನಿಕ ಕಡವುಗಳನ್ನು ಸರ್ಕಾರದ ಸ್ವತ್ತಾಗಿಸಿ, ಅವುಗಳ ಉತ್ಪನ್ನವನ್ನು ಹರಾಜಿಗಿಡಲು ದಾರಿ ಮಾಡಿತು. ಹರಾಜಿನಲ್ಲಿ ಹಣ ಕಟ್ಟಬಲ್ಲವನು ಗುತ್ತಿಗೆದಾರನಾದರೆ, ಹೊಳೆ ಓದಬಲ್ಲವನು ಅವನ ಕೂಲಿಯಾಳಾಗಬೇಕು. ಬೈಲಹೊಂಗಲ ಸವದತ್ತಿಯ ಕಡೆ ಬ್ರಿಟಿಷ್ ಮುಲ್ಕು, ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ಒಂದೇ ಹೊಳೆಗೆ ಎರಡು ಆಡಳಿತ. ಆಮೇಲೆ ರಸ್ತೆ, ಸೇತುವೆ, ಮೋಟಾರು ಬಂದು ದೊಡ್ಡ ಕಡವುಗಳ ಗಿರಾಕಿ ಕಡಿಮೆಯಾದದ್ದು ಸುಳ್ಳಲ್ಲ. ಆದರೆ ಸೇತುವೆ ಇರುವುದು ಹೆದ್ದಾರಿಗೆ. ಈಚೆ ದಂಡೆಯ ಮನೆಯಿಂದ ಆಚೆ ದಂಡೆಯ ಹೊಲಕ್ಕೆ ಬುತ್ತಿ ಒಯ್ಯುವವಳಿಗೆ ಮೈಲುಗಟ್ಟಲೆ ದೂರದ ಸೇತುವೆ ಯಾವ ಲೆಕ್ಕ? ನೀರು ಹರಿಯುತ್ತಿದ್ದಷ್ಟು ಕಾಲ ಸಣ್ಣ ಕಡವಿಗೆ ಕೆಲಸವಿತ್ತು. ಹರಿಯುವುದೇ ನಿಂತದ್ದು 1972ರ ಹೊತ್ತಿಗೆ ನವಿಲುತೀರ್ಥದ ಕಮರಿಯಲ್ಲಿ ಅಣೆಕಟ್ಟು ಎದ್ದ ಮೇಲೆ. ಅದರ ಜಲಾಶಯ ರೇಣುಕಾ ಸಾಗರದ ಸಾಮರ್ಥ್ಯ ಸುಮಾರು 37 ಟಿಎಂಸಿ, ಅದು ಪೂರ್ತಿ ತುಂಬಿದ ವರ್ಷಗಳು ಕಡಿಮೆ. ಇದ್ದ ನೀರನ್ನು ಎಡಬಲದ ಕಾಲುವೆಗಳೂ ಹುಬ್ಬಳ್ಳಿ ಧಾರವಾಡದ ಕೊಳಾಯಿಗಳೂ ಹಂಚಿಕೊಳ್ಳುತ್ತವೆ. ಅಣೆಕಟ್ಟಿನ ಮೇಲೆ ನಿಂತ ನೀರು, ಕೆಳಗೆ ಇಲ್ಲದ ನೀರು. ಎರಡರಲ್ಲೂ ಸೆಳವಿಲ್ಲ. ಜೋಳ, ಹತ್ತಿಗೆ ನೀರು ಸಿಕ್ಕಿತಲ್ಲ ಎಂದರೆ ಸಿಕ್ಕಿತು, ಅದನ್ನು ಅಲ್ಲಗಳೆಯುವವನು ನಾನಲ್ಲ. ಇಲ್ಲಿ ಕೇಳುತ್ತಿರುವುದು ಒಂದು ವಿದ್ಯೆ ಎಲ್ಲಿಗೆ ಹೋಯಿತು ಎಂಬುದಷ್ಟೇ.

ಇದಕ್ಕೆ ಗಟ್ಟಿ ಆಕ್ಷೇಪವೊಂದು ಹಂಪಿಯಿಂದ ಬರುತ್ತದೆ. ತುಂಗಭದ್ರೆಗೂ 1953ರಲ್ಲೇ ಅಣೆಕಟ್ಟು ಬಿತ್ತು, ಆದರೂ ಅಲ್ಲಿ ಹರಿಗೋಲು ಉಳಿದಿದೆಯಲ್ಲ? ಜತೆಗೆ ಆನೆಗುಂದಿಗೆ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿಯಿತು. ಹಾಗಾದರೆ ಸೇತುವೆ ಇಲ್ಲದ್ದರಿಂದಲೇ ಹರಿಗೋಲು ಉಳಿಯಿತು ಎನ್ನಬಹುದಲ್ಲ? ಅರ್ಧ ಒಪ್ಪುತ್ತೇನೆ. ಆದರೆ ಹಂಪಿಯಲ್ಲಿ ಇಂದು ಹರಿಗೋಲು ಏರುವ ಪ್ರವಾಸಿಗನಿಗೆ ಆಚೆ ದಂಡೆಯಲ್ಲಿ ಕೆಲಸವೇನೂ ಇರುವುದಿಲ್ಲ. ಬಂಡೆಗಳ ನಡುವೆ ಒಂದು ಸುತ್ತು ಹಾಕಿ, ಅಂಬಿಗ ಬೇಕೆಂದೇ ಗಿರಕಿ ಹೊಡೆಸಿದಾಗ ಕಿರುಚಿ, ಹೊರಟಲ್ಲಿಗೇ ಬಂದು ಇಳಿಯುತ್ತಾನೆ. ಪಾಯೆಸ್ ಕೊರತೆ ಎಂದ ಸುತ್ತುವಿಕೆಗೇ ಅವನು ದುಡ್ಡು ಕೊಡುವುದು! ದಾಟುವುದಕ್ಕೆ ಎರಡು ದಂಡೆ ಬೇಕು, ಆಡುವುದಕ್ಕೆ ನೀರೊಂದಿದ್ದರೆ ಆಯಿತು. ಹಂಪಿಯ ಬಂಡೆಗಳೂ ವಿಜಯನಗರದ ಕಾಲದ ಒಡ್ಡುಗಳೂ ಅಣೆಕಟ್ಟಿನ ಕೆಳಗೂ ಅಷ್ಟಿಷ್ಟು ನೀರು ಹಿಡಿದಿಟ್ಟವು, ಹಾಳೂರು ನೋಡಲು ಜನ ಬಂದರು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬರುವ ಜನವೇನು ಕಡಿಮೆಯೇ? ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಸೇರುತ್ತಾರೆ. ಆದರೆ ಅವರು ಬರುವ ಹೊತ್ತಿಗೆ ಹೊಳೆಯಲ್ಲಿ ಹರಿಗೋಲು ತಿರುಗಿಸುವಷ್ಟು ನೀರಿರುವುದಿಲ್ಲ. ಮೂಲ್ಕಿಯ ಅಲೆಯನ್ನು ಯಾರೂ ಕಾಲುವೆಗೆ ತಿರುಗಿಸಲಾರರು. ಅಲ್ಲಿ ಹೊರಗಿನ ಆಟವೊಂದು ಇಪ್ಪತ್ತು ವರ್ಷಕ್ಕೆ ಬೇರುಬಿಟ್ಟಿತು. ಇಲ್ಲಿ ನೂರಾರು ವರ್ಷದ ಕಸುಬಿಗೆ ಆಟವಾಗುವ ಅವಕಾಶವೇ ಸಿಗಲಿಲ್ಲ.

ಬುರುಡೆಯ ಕಥೆ ಸ್ವಲ್ಪ ಬೇರೆ. ಅದಕ್ಕೆ ಮೇದಾರ ಬೇಡ, ಸಮಗಾರ ಬೇಡ, ಗುತ್ತಿಗೆದಾರ ಅಂತೂ ಬೇಡವೇ ಬೇಡ. ಬಳ್ಳಿಯಲ್ಲೇ ಬಲಿಯಲು ಬಿಟ್ಟು ಒಣಗಿಸಿದ ಸೋರೆಕಾಯಿಗಳನ್ನು ಹಗ್ಗದಲ್ಲಿ ಪೋಣಿಸಿ ಎದೆಗೋ ಸೊಂಟಕ್ಕೋ ಕಟ್ಟಿದರೆ ಮೈ ತೇಲುತ್ತದೆ, ಕೈಕಾಲು ದಿಕ್ಕು ನೋಡಿಕೊಳ್ಳುತ್ತವೆ. ಹಲಗೆಯೂ ಇಲ್ಲದೆ ನೀರಿನ ಬೆನ್ನೇರುವ ಬಗೆ ಇದು. ಅದು ಎಷ್ಟು ಕಾಲ ಬಾಳಿತೆಂದರೆ, 2014ರ ಜುಲೈ ಕೊನೆಗೆ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡೆ ಎಂಬ ಕೃಷ್ಣೆಯ ನಡುಗಡ್ಡೆಯಿಂದ ತುಂಬು ಗರ್ಭಿಣಿಯೊಬ್ಬಳು ಹೆರಿಗೆಗೆಂದು ಸೋರೆ ಬುರುಡೆ ಕಟ್ಟಿಕೊಂಡು, ಮನೆಯ ಗಂಡಸರನ್ನು ಹಿಂದೆ ಮುಂದೆ ಇಟ್ಟುಕೊಂಡು, ತುಂಬಿದ ಹೊಳೆಯನ್ನು ಈಜಿ ಆಚೆ ದಂಡೆ ಮುಟ್ಟಿದಳು. ಪತ್ರಿಕೆಗಳು ಅದನ್ನು ಸಾಹಸವೆಂದು ಬರೆದವು. ಸಾಹಸ ಹೌದು, ಆದರೆ ಸೆಳವು ಕಲಿಸಿದ ಲೆಕ್ಕವಿಲ್ಲದೆ ಸಾಹಸ ಒಂದೇ ದಡ ಮುಟ್ಟಿಸುವುದಿಲ್ಲ. ಬೆಳಗಾವಿ ಜಿಲ್ಲೆಯ ತೋಟದ ಬಾವಿಗಳಲ್ಲಿ ಈಗ ಈಜು ಕಲಿಯುವ ಹುಡುಗರ ಬೆನ್ನಿಗೆ ಬುರುಡೆಯ ಬದಲು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ತೇಲುವುದು ಬರುತ್ತದೆ. ಬಾವಿಯ ನೀರು ಎಲ್ಲಿಗೂ ಓಡುವುದಿಲ್ಲವಾದ್ದರಿಂದ ಓಡುವ ನೀರಿನ ಪಾಠ ಬರುವುದಿಲ್ಲ.

2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಬಂತು. ಕಣಕುಂಬಿ, ಖಾನಾಪುರದ ಕಡೆ ಮಳೆ ಎಡೆಬಿಡದೆ ಸುರಿದು, ತುಂಬಲೊಲ್ಲದ ನವಿಲುತೀರ್ಥ ತುಂಬಿ, ಬಾಗಿಲು ತೆರೆದು ಬಿಟ್ಟ ನೀರು ಮುನವಳ್ಳಿ, ಸುರೇಬಾನ, ರಾಮದುರ್ಗದ ತಗ್ಗು ಓಣಿಗಳಿಗೆ ನುಗ್ಗಿತು. ಹೊಳೆ ಒಣಗಿದ ದಶಕಗಳಲ್ಲಿ ದಂಡೆಯ ಅಂಚಿಗೆ ಸರಿದಿದ್ದ ಮನೆ, ಹೊಲ, ಅಂಗಡಿಗಳ ಮೇಲೆ ಅದು ಹಾದುಹೋಯಿತು. ಜನರನ್ನು ಹೊರತರಲು ರಬ್ಬರ್ ದೋಣಿಗಳು ಬಂದವು. ಮೆತ್ತನೆಯ ಅಂಚು, ಚಪ್ಪಟೆ ತಳ, ಗೇಣು ನೀರಿಗೂ ತೇಲುತ್ತದೆ, ಗೋಡೆಗೆ ಬಡಿದರೆ ಒಡೆಯದೆ ಬಾಗುತ್ತದೆ. ಸಣ್ಣ ಹರಿಗೋಲನ್ನು ಒಬ್ಬ ಆಳು ಹೊತ್ತು ನಡೆಯುತ್ತಿದ್ದ. ಇದನ್ನು ಲಾರಿಯಲ್ಲಿ ತರಿಸಬೇಕು.