ಕ್ಷುದ್ರಗ್ರಹ ಆಚ್ಛಾದನೆ: ವೀಕ್ಷಣೆಯ ಇತಿಹಾಸ

ಕ್ಷುದ್ರಗ್ರಹವೊಂದು ನಕ್ಷತ್ರದ ಮುಂದೆ ಹಾದು ಅದರ ಬೆಳಕನ್ನು ಕೆಲವು ಸೆಕೆಂಡು ಮರೆಮಾಡುವುದೇ ಆಚ್ಛಾದನೆ. ಆಗ ಭೂಮಿಯ ಮೇಲೆ ಓಡುವ ನೆರಳಿನ ಅಗಲ ಹೆಚ್ಚುಕಡಿಮೆ ಆ ಕಾಯದಷ್ಟೇ ಇರುತ್ತದೆ. ನಕ್ಷತ್ರ ಮರೆಯಾದ, ಮರಳಿದ ಕ್ಷಣಗಳನ್ನು ಹಲವು ಊರುಗಳಿಂದ ತಂದು ಜೋಡಿಸಿದರೆ ಕಾಯದ ಆಕಾರವೇ ಮೂಡುತ್ತದೆ.

1958ರ ಫೆಬ್ರವರಿ 19ರಂದು ಸ್ವೀಡನ್ನಿನ ಮಾಲ್ಮೋದಲ್ಲಿ ಜೂನೋ ಕ್ಷುದ್ರಗ್ರಹವು ನಕ್ಷತ್ರವೊಂದನ್ನು ಮರೆಮಾಡಿದ್ದು ಕಂಡಿತು. ಭಾರತ ತಡಮಾಡಲಿಲ್ಲ, 1961ರ ಅಕ್ಟೋಬರ್ 2ರಂದು ಪಲ್ಲಾಸ್ ಉಂಟುಮಾಡಿದ ಆಚ್ಛಾದನೆಯನ್ನು ನೈನಿತಾಲ್ ವೀಕ್ಷಣಾಲಯ ದ್ಯುತಿವಿದ್ಯುತ್ ಉಪಕರಣದಿಂದ ಅಳೆಯಿತು.

ದಕ್ಷಿಣದಲ್ಲಿ ಈ ವಿದ್ಯೆಗೆ ಹೆಸರು ತಂದದ್ದು ತಮಿಳುನಾಡಿನ ಕಾವಲೂರು ವೀಕ್ಷಣಾಲಯ, ಅಲ್ಲಿ ಅಡ್ಡ ಬಂದದ್ದು ಕ್ಷುದ್ರಗ್ರಹವಲ್ಲದಿದ್ದರೂ. 1977ರ ಮಾರ್ಚ್ 10ರಂದು ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಯುರೇನಸ್ ನಕ್ಷತ್ರವೊಂದನ್ನು ಮರೆಮಾಡುವುದನ್ನು ಕಾಯುತ್ತಿದ್ದರು. ಗ್ರಹದ ನೆರಳು ಕಾವಲೂರಿಗೆ ತಾಗಲೇ ಇಲ್ಲ. ಆದರೆ ನಿರೀಕ್ಷಿಸಿದ ಸಮಯಕ್ಕೆ ಮೊದಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಕುಸಿದಿತ್ತು. ಹೊಸ ಉಪಗ್ರಹವಿರಬೇಕೆಂದು ಅವರು ಬಗೆದರು. ವಿಮಾನದಲ್ಲಿ ದೂರದರ್ಶಕ ಹೊತ್ತೊಯ್ದಿದ್ದ ಜೇಮ್ಸ್ ಎಲಿಯಟ್ ತಂಡದ ದಾಖಲೆಯ ಪಕ್ಕ ಇಟ್ಟಾಗ ಅದು ಯುರೇನಸ್‌ನ ಉಂಗುರವೆಂದು ತಿಳಿಯಿತು. ಒಂದೇ ಜಾಗದ ದಾಖಲೆ ಎಷ್ಟು ನಿಖರವಾಗಿದ್ದರೂ ಸಾಲದು.

ಹವ್ಯಾಸಿಗಳ ಮಹತ್ವ ಇರುವುದೂ ಇಲ್ಲಿಯೇ. ವೀಕ್ಷಣಾಲಯ ಇದ್ದಲ್ಲೇ ಇರುತ್ತದೆ, ನೆರಳು ಅಲ್ಲಿಗೇ ಬರಬೇಕೆಂದಿಲ್ಲ; ಹವ್ಯಾಸಿ ಮಾತ್ರ ದೂರದರ್ಶಕ ಕಟ್ಟಿಕೊಂಡು ನೆರಳಿನ ದಾರಿಗೆ ಹೋಗಬಲ್ಲ. 1975ರ ಜನವರಿಯಲ್ಲಿ ಅಮೆರಿಕದ ಈಶಾನ್ಯದಲ್ಲಿ ಎರೋಸ್, 1983ರ ಮೇ 29ರಂದು ಪಲ್ಲಾಸ್ ಹೀಗೆ ಹವ್ಯಾಸಿಗಳ ಸಾಲುಗಳಿಗೆ ಸಿಕ್ಕವು. ಆ ಕಾಲದಲ್ಲಿ ಮುನ್ಸೂಚನೆಯ ದಾರಿ ನೂರಾರು ಕಿಲೋಮೀಟರ್ ಸರಿಯುವುದು ಸಾಮಾನ್ಯವಾಗಿತ್ತು. 2016ರಿಂದ ಪ್ರಕಟವಾಗತೊಡಗಿದ ಗಯಾ ಉಪಗ್ರಹದ ನಕ್ಷತ್ರ ಪಟ್ಟಿ ಈ ಕಷ್ಟವನ್ನು ಬಹುಮಟ್ಟಿಗೆ ನೀಗಿಸಿತು.

ಹವ್ಯಾಸಿಗಳ ಇಂಥ ಸಾಲು ಹೂಡಲು ಕೇರಳ ತಕ್ಕ ನಾಡು. ಅಲ್ಲಿ ಆಕಾಶ ನೋಡುವ ಪರಂಪರೆ ಹಳೆಯದು. ಸ್ವಾತಿ ತಿರುನಾಳ್ ಅರಸ ತಿರುವನಂತಪುರದಲ್ಲಿ ವೀಕ್ಷಣಾಲಯ ಕಟ್ಟಿಸಿದ್ದು 1837ರಲ್ಲಿ. ಆಚ್ಛಾದನೆಗೆ ಈ ನಾಡಿನ ಉದ್ದನೆಯ ಆಕಾರವೂ ಅನುಕೂಲ: ಪೂರ್ವ-ಪಶ್ಚಿಮವಾಗಿ ಹಾಯುವ ನೆರಳು ಕರಾವಳಿಯನ್ನು ಅಡ್ಡಲಾಗಿ ಕತ್ತರಿಸುತ್ತದೆ. ತಿರುವನಂತಪುರಕ್ಕೂ ಎರ್ನಾಕುಲಂಗೂ ನೇರ ದೂರ ಸುಮಾರು 175 ಕಿ.ಮೀ. ಬಹುತೇಕ ಕ್ಷುದ್ರಗ್ರಹಗಳು ಇದಕ್ಕಿಂತ ತೀರ ಕಿರಿದು, ಹಾಗಾಗಿ ಒಂದು ನಗರಕ್ಕೆ ಕಂಡದ್ದು ಇನ್ನೊಂದಕ್ಕೆ ಕಾಣದೇ ಹೋಗಬಹುದು. ಎರಡು ನಗರಗಳ ನಡುವಿನ ಆಲಪ್ಪುಳ, ಕೊಲ್ಲಂಗಳಲ್ಲೂ ವೀಕ್ಷಕರು ನಿಂತರಷ್ಟೇ ನೆರಳಿನ ಅಂಚು ಸಿಗುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಎರಡೂ ಮಳೆಗಾಲಗಳ ಮೋಡದ ಕಾಟ. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ.

ನಕ್ಷತ್ರ ಮರೆಯಾಗದೇ ಉಳಿದರೂ ಜಾಗ ಮತ್ತು ಜಿಪಿಎಸ್ ಸಮಯದೊಂದಿಗೆ ಅದನ್ನು ವರದಿ ಮಾಡಬೇಕು. ನೆರಳು ಎಲ್ಲಿಗೆ ಮುಗಿಯಿತೆಂದು ಹೇಳುವುದು ಆ ವರದಿಯೇ.